ಚುಕ್ಕೆಯ ಮುಂದಿನ ಜಾಗ

"ಅಲ್ಲ ಮಗಾ, ನೀನು ತಪ್ಪು ಜಾಗದಲ್ಲಿ ಜೋಡಿಸ್ತಾ ಇದ್ದಿ."

ಊರ್ಮಿಳಾ ಹಾಗೆಂದದ್ದೇ ತಡ, ಮಲ್ಲಿಕಾ ಮೇಜಿನಿಂದ ತಲೆಯೆತ್ತಿದಳು. ಅವಳ ಎರಡೂ ಕೈ ಮರದ ರ‍್ಯಾಕ್ ಚೌಕಟ್ಟಿನ ಮೇಲಿದ್ದವು. ಚೌಕಟ್ಟಿನೊಳಗೆ ಒಂಬತ್ತು ಬಣ್ಣದ ಚೆಂಡುಗಳು ಒಂದಕ್ಕೊಂದು ಒತ್ತಿಕೊಂಡು ವಜ್ರದಾಕಾರದಲ್ಲಿ ಕೂತಿದ್ದವು.

"ನಾನಾ? ತಪ್ಪಾ?"

"ಹೌದು. ಆ ಕಪ್ಪು ಚುಕ್ಕೆ ಉಂಟಲ್ಲ, ಅದರ ಮೇಲೆ ತುದಿಯ ಚೆಂಡು ಬರಬೇಕು. ಒಂದನೇ ನಂಬರಿಂದು. ನೀನು ನಡುವಿನ ಒಂಬತ್ತನ್ನು ಕೂರಿಸಿದ್ದಿ."

ಮಲ್ಲಿಕಾ ಚೌಕಟ್ಟಿನತ್ತ ನೋಡಿ, ಊರ್ಮಿಳಾಳತ್ತ ನೋಡಿದಳು. ಆಮೇಲೆ ಡೊಂಬಿವಲಿಯ ಆ ಖಾಲಿ ಪೂಲ್ ಹಾಲ್ ಗುಂಯ್ ಎನ್ನುವ ಹಾಗೆ ನಕ್ಕಳು.

"ಆಂಟೀ, ಯಾವ ಜಮಾನಾದವ್ರರೀ ನೀವು? ಆ ರೂಲ್ ಹೋಗಿ ಎಷ್ಟ ವರ್ಷ ಆತು! ಈಗ ಒಂಬತ್ತೇ ಚುಕ್ಕಿ ಮ್ಯಾಲ ಕುಂದ್ರೂದು. ಇಡೀ ರ‍್ಯಾಕ್ ಅಂಗೈ ಅಗಲ ಮುಂದ ಬರ್ತದ."

ಊರ್ಮಿಳಾಳ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

"ಯಾಕೆ ಬದಲಿಸಿದರು?"

"ಯಾಕಂದ್ರ ಮದ್ಲಿನಂಗ ಇಟ್ರ ಬದೀ ಚೆಂಡು ಹೋಗಿ ಹೋಗಿ ಅದೇ ಮೂಲಿ ಪಾಕೆಟ್‌ನ್ಯಾಗ ಬೀಳ್ತಿತ್ತು. ಮೆಲ್ಲಕ ಹೊಡದ್ರೂ ಬೀಳ್ತಿತ್ತು. ಬ್ರೇಕ್ ಮಾಡಿದವ್ರೇ ಗೆದ್ದಂಗ. ಆಟ ಏನ್ ಉಳೀತು? ಅದಕ್ಕ ಜಾಗಾನೂ ಬದ್ಲಿ ಮಾಡಿದ್ರು, ಬ್ರೇಕ್‌ನ್ಯಾಗ ಮೂರ್ ಚೆಂಡರ ಈ ಗೆರಿ ದಾಟ್ಬೇಕು ಅಂತ ಕಾಯ್ದೆನೂ ತಂದ್ರು. ಪುಣ್ಯಕ್ಕ ಗೆಲ್ಲಬಾರದು, ಕೈಯಾಗ ಕಸುಬು ಇರ್ಬೇಕು ಅಂತ."

ಹಾಲಿನ ಮೂಲೆಯಲ್ಲಿ ಇನ್ನೊಂದು ಮೇಜು ಬಿಳಿ ಬಟ್ಟೆ ಹೊದ್ದುಕೊಂಡು ಮಲಗಿತ್ತು. ಹೋದ ಭಾನುವಾರ ಆ ಮೇಜಿನ ಮೇಲೆಯೇ, ಎಂಟು ಎಂಟು ಸಮವಾಗಿದ್ದ ಫೈನಲ್ಲಿನ ಕೊನೆಯ ಆಟದಲ್ಲಿ, ಮಲ್ಲಿಕಾಳ ಎದುರು ದಿಶಾಳ ಬ್ರೇಕಿಗೆ, ಅಂದರೆ ಮೊದಲ ಹೊಡೆತಕ್ಕೇ, ಆಟ ಮುಗಿಸುವ ಒಂಬತ್ತು ಪಾಕೆಟಿಗೆ ಬಿದ್ದು ಅವಳು ಗೆದ್ದಿದ್ದಳು. ಚಪ್ಪಾಳೆ ನಿಲ್ಲುವ ಮೊದಲೇ ಬಟ್ಟೆಯಲ್ಲಿ ಸಣ್ಣ ಕುಳಿಗಳು ಕಂಡು ಮೋಸಗಾರ್ತಿ ಎನಿಸಿಕೊಂಡಿದ್ದಳು.

ಕುಳಿಗಳ ಗುಟ್ಟು ಊರ್ಮಿಳಾಳಿಗೆ ಹಳೆಯದು. ಚೆಂಡನ್ನು ಅದರ ಜಾಗದಲ್ಲಿಟ್ಟು, ಇನ್ನೊಂದು ಚೆಂಡಿನಿಂದ ನೆತ್ತಿಯ ಮೇಲೆ ಕುಟ್ಟಿದರೆ ಕೆಳಗಿನ ಬಟ್ಟೆ ಎಳ್ಳುಕಾಳಿನಷ್ಟು ತಗ್ಗುತ್ತದೆ. ಆಮೇಲೆ ಜೋಡಿಸಿದಾಗಲೆಲ್ಲ ಚೆಂಡು ತಾನಾಗಿ ಆ ತಗ್ಗಿಗೆ ಜಾರಿ ಪಕ್ಕದ್ದಕ್ಕೆ ಅಂಟಿ ಕೂರುತ್ತದೆ. ಅಂಟಿ ಕೂತ ಚೆಂಡುಗಳು ಹೇಳಿದ ಮಾತು ಕೇಳುತ್ತವೆ.

ಇವತ್ತು ಸಂಜೆ ನಾಲ್ಕಕ್ಕೆ ಠಾಣೆ ಪಟ್ಟಣದಲ್ಲಿ ಪಂದ್ಯದ ಕಮಿಟಿಯ ವಿಚಾರಣೆ. ನಿರಪರಾಧಿ ಎಂದು ತೋರಿಸಲಾಗದಿದ್ದರೆ ದಿಶಾ ಎರಡು ವರ್ಷ ಕ್ಯೂ ಕೋಲು ಹಿಡಿಯುವಂತಿಲ್ಲ. ರಾಜ್ಯದ ತಂಡಕ್ಕೆ ಆಯ್ಕೆಯಾಗಬೇಕಿದ್ದ ಹುಡುಗಿ ಖಾರಘರದ ಹನ್ನೆರಡನೇ ಮಹಡಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು.

ಲೋಟ ಕೆಳಗಿಟ್ಟು ಊರ್ಮಿಳಾ ಮೂಲೆಯ ಮೇಜಿನತ್ತ ಹೋದಳು.

"ಅಕ್ಕ, ಅಕ್ಕಾ!" ಹಾಲಿನ ಯಜಮಾನ ಸುಜನ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. "ಅದನ್ನು ಮುಟ್ಟಬೇಡಿ ಅಂದಿದ್ದಾರೆ ಕಮಿಟಿಯವರು."

"ಮುಟ್ಟುವುದಿಲ್ಲ ಮಾರಾಯಾ. ನೋಡ್ತೇನೆ ಅಷ್ಟೆ."

ಬಟ್ಟೆ ಸರಿಸಿದಳು. ಮುಟ್ಟಿದಳು ಕೂಡ. ಸುಜನ್ ಸೀಲಿಂಗ್ ಫ್ಯಾನ್ ನೋಡುತ್ತ ನಿಂತ.

ಹಸಿರು ಬಟ್ಟೆಯ ಮೇಲೆ ಬೆರಳು ಮೆಲ್ಲಗೆ ಸಾಗಿತು. ಚುಕ್ಕೆಯ ಮೇಲೆ ಒಂದು ಕುಳಿ. ಅದರ ಹಿಂದೆ ಎರಡು. ಅದರ ಹಿಂದೆ ಮೂರು. ಮತ್ತೆ ಎರಡು, ಮತ್ತೆ ಒಂದು. ಮೊನ್ನೆ ಪತ್ತೆಗೆಂದು ಬಂದಾಗಲೂ ಇದನ್ನೇ ನೋಡಿದ್ದಳು. ಎಲ್ಲ ಸರಿಯಾದ ಜಾಗದಲ್ಲೇ ಇವೆ ಎಂದು ದಿಶಾಳ ತಾಯಿ ಪ್ರಫುಲ್ಲಾಳಿಗೆ ಫೋನಿನಲ್ಲಿ ಹೇಳಿ, ಆ ಕಡೆ ಅವಳು ಬಿಕ್ಕಿದ್ದನ್ನು ಕೇಳಿಸಿಕೊಂಡಿದ್ದಳು.

ಈಗ ಬೆರಳನ್ನು ಚುಕ್ಕೆಯ ಮುಂದಕ್ಕೆ ತಂದಳು. ಅಂಗೈ ಅಗಲ. ಸವರಿದಳು, ಮತ್ತೆ ಸವರಿದಳು.

ಏನೂ ಇಲ್ಲ. ಇಸ್ತ್ರಿ ಮಾಡಿದ ಸೀರೆಯ ಹಾಗೆ ನುಣ್ಣಗಿತ್ತು.

ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದ ಮಲ್ಲಿಕಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ! ಇದ್ಯಾವ ಮುದುಕ್ರ ಕೆಲ್ಸರೀ? ಕುಳಿ ಎಲ್ಲಾ ಹಳೇ ಜಾಗದಾಗ ಅದಾವ! ಈಗಿನ ಆಟದಾಗ ಮುಂದಿನ ಐದ್ ಚೆಂಡಿಗೆ ಆಸ್ರಾನ ಇಲ್ಲ. ಇದ್ರಿಂದ ಯಾರಿಗೂ ಫಾಯ್ದಾ ಇಲ್ಲ."

"ರೆಫರಿಗೆ ಕಾಣಲಿಲ್ಲವಾ ಇದು?"

"ಅವ ಟಾರ್ಚ್ ಹಾಕಿದ, ಕುಳಿ ಕಂಡ್ವು, ಹತ್ರದಿಂದ ಫೋಟೋ ಹೊಡ್ದು ಚಾದರ ಹೊಚ್ಚಿಬಿಟ್ಟ. ಎಲ್ಲಿ ಅದಾವ ಅಂತ ಯಾರ್ ನೋಡ್ಯಾರ? ಎಲ್ರೂ ಬೈಯೂದ್ರಾಗ ಇದ್ರು." ಮಲ್ಲಿಕಾ ತನ್ನ ಕೋಲಿನ ತುದಿಗೆ ನೀಲಿ ಸೀಮೆಸುಣ್ಣ ತಿಕ್ಕುತ್ತ ದನಿ ಇಳಿಸಿದಳು. "ಆಕೀಗೆ ಶಿಕ್ಷಾ ಆದ್ರ ಕಪ್ ನಂಗ ಬರ್ತದ. ತುರ್ಭೆದಾಗ ನಮ್ಮಪ್ಪ ಗೋಣಿಚೀಲ ಹೊರೋ ಜಾಗದಾಗ ಎಲ್ರಿಗೂ ಹೇಳ್ಕೊಂಡು ತಿರಗ್ಯಾನ. ಆದ್ರ ಹಿಂಗ ಬಂದ ಕಪ್ ಮನ್ಯಾಗ ಎಲ್ಲಿ ಇಡ್ಲಿ, ಹೇಳ್ರಿ? ಖರೇ ಅಂದ್ರ, ಗೆದ್ದ ದಿನಾನೂ ಆಕಿ ನಗಲಿಲ್ಲ ಆಂಟಿ. ಒಂಬತ್ತು ಬಿದ್ದ ಕೂಡ್ಲೇ ಮಮ್ಮಿ ಕಡೆ ನೋಡಿದ್ಲು. ಮಾರಿ ಬೆಳ್ಳಗಾಗಿತ್ತು."

ಊರ್ಮಿಳಾ ಅದನ್ನು ಕೇಳಿಸಿಕೊಂಡಳು, ಆದರೆ ಮನಸ್ಸು ಬೇರೆಡೆ ಇತ್ತು. ಈಗ ಆಡುವ ಯಾರೂ ಈ ತಪ್ಪು ಮಾಡಲಾರರು. ಮಲ್ಲಿಕಾ ಮಾಡಲಾರಳು, ದಿಶಾ ಮಾಡಲಾರಳು, ದಿನವೂ ಇಲ್ಲೇ ಕೂರುವ ಸುಜನ್ ಮಾಡಲಾರ. ಇದನ್ನು ಮಾಡಿದವರು ಹಿಂದೆ ಯಾವಾಗಲೋ ಆಟವನ್ನು ಚೆನ್ನಾಗಿ ಕಲಿತು, ಅಲ್ಲೇ ಬಿಟ್ಟು ಹೋದವರು. ಅವರ ಪಾಲಿಗೆ ಕಾಲ ಆ ಚುಕ್ಕೆಯ ಮೇಲೆಯೇ ನಿಂತುಬಿಟ್ಟಿದೆ.

ತನ್ನ ಪಾಲಿಗೆ ನಿಂತ ಹಾಗೆ.

ಬೆರಳನ್ನು ಮತ್ತೆ ಒಂದು ಕುಳಿಯ ಮೇಲಿಟ್ಟಳು. ಅದು ಗುಂಡಗಿರಲಿಲ್ಲ. ಒಂದು ಬದಿಗೆ ಎಳೆದಂತಿತ್ತು. ಎಲ್ಲವೂ ಒಂದೇ ಬದಿಗೆ, ಎಡಕ್ಕೆ. ಎಡಗೈಯವರು ಕುಟ್ಟಿದರೆ ಹಾಗಾಗುತ್ತದೆ ಎಂದು ಅವಳಿಗೆ ಯಾರೂ ಪುಸ್ತಕ ತೆರೆದು ಹೇಳಿಕೊಟ್ಟಿರಲಿಲ್ಲ. ಒಂದು ಕಾಲದಲ್ಲಿ ಆ ಎಡಗೈಯನ್ನು ನೋಡುತ್ತ ಶನಿವಾರಗಳನ್ನು ಕಳೆದಿದ್ದಳು, ಅಷ್ಟೆ.

"ಅಕ್ಕ, ಹುಷಾರಿದ್ದೀರಲ್ಲ?" ಸುಜನ್ ಕೇಳಿದ.

"ಇದ್ದೇನೆ," ಎಂದು ಬಟ್ಟೆ ಹೊದಿಸಿದಳು. ಕಿವಿ ಸುಡುತ್ತಿತ್ತು. ಐವತ್ತು ದಾಟಿದ ಮೇಲೆ ಹೀಗೆ ಕಿವಿ ಸುಡುವುದು ನಾಚಿಕೆಗೇಡು ಅನಿಸಿತು.

ಮೆಟ್ಟಿಲಿಳಿಯುತ್ತ ಪ್ರಫುಲ್ಲಾಳಿಗೆ ಫೋನ್ ಮಾಡಿದಳು.

"ಅತ್ತಿಗೆ, ಎಂತಾದರೂ ಸಿಕ್ಕಿತಾ?" ಪ್ರಫುಲ್ಲಾಳ ಉಸಿರು ಮಾತಿಗಿಂತ ಮೊದಲು ಬಂತು.

ಅತ್ತಿಗೆ. ಆಗಬೇಕಿದ್ದು, ಆಗದೇ ಹೋದದ್ದು. ಪ್ರಫುಲ್ಲಾ ಮಾತ್ರ ಆ ಕರೆಯನ್ನು ಬಿಟ್ಟಿರಲಿಲ್ಲ. ಅದಕ್ಕೇ ಊರ್ಮಿಳಾ ಈ ಕೇಸಿಗೆ ಇಲ್ಲವೆನ್ನಲಾಗಿರಲಿಲ್ಲ.

"ಸಿಕ್ಕಿದೆ. ಕುಳಿಗಳಿರುವ ಜಾಗ ಸರಿಯಿಲ್ಲ. ಚುಕ್ಕೆಯ ಮುಂದೆ ಏನೂ ಇಲ್ಲ. ಅದರಿಂದ ದಿಶಾಳಿಗೆ ಏನೂ ಉಪಯೋಗ ಆಗಿಲ್ಲ ಅಂತ ತೋರಿಸಬಹುದು."

ಆ ಕಡೆ ಪ್ರಫುಲ್ಲಾ ಅಳಲಿಲ್ಲ, ದೇವರ ಹೆಸರನ್ನೂ ಎತ್ತಲಿಲ್ಲ. "ಹೌದಲ್ಲ? ಸರಿಯಿಲ್ಲ ಅಲ್ವಾ?" ಎಂದಳು, ಯಾರೋ ಕೊನೆಗೂ ಕಂಡುಹಿಡಿದರು ಎಂಬ ಹಾಗೆ.

"ಶಂಭು ಈಗ ಎಲ್ಲಿದ್ದಾನೆ?"

"ಅಣ್ಣನಾ? ಅವನಿಗೂ ಇದಕ್ಕೂ ಎಂತ ಸಂಬಂಧ?"

"ಎಲ್ಲಿದ್ದಾನೆ ಹೇಳು, ಸಾಕು."

"ಬದಲಾಪುರದಲ್ಲಿ. ಸ್ಟೇಷನ್ನಿನ ಪೂರ್ವಕ್ಕೆ ಒಂದು ಪೋಳಿ-ಭಾಜಿ ಅಂಗಡಿ ಇಟ್ಟಿದ್ದಾನೆ." ಮತ್ತೆ ಸೇರಿಸಿದಳು: "ನೀವು ಕೇಳಲೇ ಇಲ್ಲ ಅಂತ ನಾನು ಹೇಳಲಿಲ್ಲ ಅತ್ತಿಗೆ."

*

ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮಧ್ಯಾಹ್ನದ ಆ ಹೊತ್ತಿಗೆ ಬದಲಾಪುರದ ಕಡೆಗೆ ಹೋಗುವವರು ಕಡಿಮೆ. ಎದುರಿಗೆ ಒಬ್ಬಳು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಕಲ್ಯಾಣ ದಾಟಿ ವಿಠಲವಾಡಿ ಬಂತು, ಹೋಯಿತು.

ಊರ್ಮಿಳಾಳ ಕಸುಬು ಬೇರೆಯವರ ಮನೆಗೆ ಬರಲಿರುವ ಅಳಿಯಂದಿರ ಹಿಂದೆ ಬೀಳುವುದು. ಹುಡುಗ ಹೇಳಿದ ಕೆಲಸ ಇದೆಯೇ, ಬೇರೆ ಸಂಬಂಧ ಉಂಟೇ, ಕುಡಿತ ಉಂಟೇ ಎಂದು ತಿಳಿದು ಹೇಳುವುದು. ಎಷ್ಟೋ ಹುಡುಗಿಯರ ಬಾಳು ಉಳಿಸಿದ್ದಳು. ಶಂಭುವಿನ ಬಗ್ಗೆ ಮಾತ್ರ ಒಂದು ಫೋನ್ ಮಾಡಿ ವಿಚಾರಿಸಿದವಳಲ್ಲ. ಅವನು ಎಲ್ಲಿದ್ದಾನೆ ಎಂದು ಗೊತ್ತಾದರೆ ಅವನು ತನ್ನ ಪಾಲಿಗೆ ಇಲ್ಲ ಎಂಬುದೂ ಖಚಿತವಾಗುತ್ತದೆ ಎಂಬ ಭಯ.

ಆಗ ವಾಶಿಯಲ್ಲಿ ಒಂದು ಪೂಲ್ ಹಾಲ್ ಇತ್ತು. ಹೆಂಗಸರು ಕಾಲಿಡದ ಜಾಗ. ಮನೆಯಲ್ಲಿ ಶಂಭು, ಊರ್ಮಿಳಾ ಇಬ್ಬರನ್ನೇ ಕಳಿಸುತ್ತಿರಲಿಲ್ಲ. ಅವನ ತಂಗಿ ಪ್ರಫುಲ್ಲಾ ಜೊತೆಗಿದ್ದರೆ ಸರಿ ಎಂದು ಒಪ್ಪಿಗೆ. ಹೀಗೆ ಮೂವರು ಹೋಗುತ್ತಿದ್ದರು. ಶಂಭು ಆಡುತ್ತಿದ್ದ. ಇವರಿಬ್ಬರು ಗೋಡೆಬದಿಯ ಬೆಂಚಿನ ಮೇಲೆ ಒಂದೇ ವಡಾಪಾವನ್ನು ಹಂಚಿಕೊಂಡು ನೋಡುತ್ತಿದ್ದರು. ಒಂದು ದಿನ ಜನ ಇಲ್ಲದಾಗ ಅವನು ಇಬ್ಬರನ್ನೂ ಮೇಜಿನ ಬಳಿ ಕರೆದು ಕುಳಿ ಬೀಳಿಸುವುದನ್ನು ತೋರಿಸಿದ್ದ. "ಇದು ಮೋಸ. ನಾನು ಮಾಡುವುದಿಲ್ಲ. ಆದರೆ ಎದುರಿನವರು ಮಾಡಿದರೆ ತಿಳಿಯಬೇಕಲ್ಲ."

ಆಮೇಲೆ ಮದುವೆಯ ಮಾತು ನಡೆದಿರುವಾಗಲೇ ಊರ್ಮಿಳಾಳ ಅಪ್ಪ ಹಾಸಿಗೆ ಹಿಡಿದರು. "ಸ್ವಲ್ಪ ತಡಿ" ಎಂದಿದ್ದಳು ಅವಳು. ಅವನು ತಡೆದ. ಎಷ್ಟು ದಿನ ತಡೆದ ಎಂದು ಅವಳಿಗೆ ತಿಳಿಯುವ ಮೊದಲೇ ಸೂರತ್ತಿನ ನೆಂಟರ ಹೋಟೆಲಿಗೆ ಹೋಗಿಯಾಗಿತ್ತು. ಜಗಳವಿಲ್ಲ, ಪತ್ರವಿಲ್ಲ. ಜಗಳವಾಗಿದ್ದರೆ ಮುಗಿದಿದೆ ಎಂದಾದರೂ ಅನಿಸುತ್ತಿತ್ತು.

ಅಂಬರನಾಥ ದಾಟಿತು. ಸೊಪ್ಪಿನವಳು ದಂಟುಗಳನ್ನು ಕಿಟಕಿಯಿಂದಾಚೆ ಎಸೆದಳು. ಊರ್ಮಿಳಾ ಪರ್ಸಿನಿಂದ ಕನ್ನಡಿ ತೆಗೆದಳು, ನೋಡದೆ ಒಳಗಿಟ್ಟಳು.

*

ಅಂಗಡಿಯ ಎದುರಿನ ಕಟ್ಟೆಯ ಮೇಲೆ ದೊಡ್ಡ ಕಾವಲಿ. ಅದರ ಹಿಂದೆ ಕೂತ ಹೆಂಗಸು ಲಟ್ಟಣಿಗೆಯನ್ನು ನೋಡದೆಯೇ ಚಪಾತಿ ಲಟ್ಟಿಸುತ್ತಿದ್ದಳು.

"ಎಷ್ಟ ಪೋಳಿ ಕೊಡ್ಲಿ ಅಕ್ಕಾರ? ಬದ್ನಿಕಾಯಿ ಭಾಜಿ ಬಿಸಿ ಐತಿ."

"ಪೋಳಿ ಬೇಡ. ಶಂಭು ಇದ್ದಾರಾ?"

ಆಕೆ ಲಟ್ಟಣಿಗೆ ನಿಲ್ಲಿಸಿ ಮುಡಿಯಿಂದ ಚಪ್ಪಲಿಯವರೆಗೆ ನೋಡಿದಳು. "ಸೇಠ್! ಯಾರೋ ಬಂದಾರ ನೋಡ್ರಿ. ಪೋಳಿ ಬ್ಯಾಡಂತ, ನೀವ ಬೇಕಂತ!"

"ದ್ರೌಪದಿ, ಬೊಬ್ಬೆ ಹೊಡೀಬೇಡ ಅಂತ ಎಷ್ಟು ಸಲ..." ಎನ್ನುತ್ತ ಹೊರಬಂದವನು ಬಾಗಿಲಲ್ಲೇ ನಿಂತ.

ತಲೆ ನೆರೆತಿತ್ತು. ಭುಜ ಸ್ವಲ್ಪ ಬಾಗಿತ್ತು. ಎಡಗೈಯಲ್ಲಿ ಸೌಟು. ಊರ್ಮಿಳಾ ಮೊದಲು ನೋಡಿದ್ದು ಆ ಕೈಯನ್ನು.

"ಬಾ," ಎಂದ ಅವನು. ನಿನ್ನೆ ಹೋದವಳು ಇವತ್ತು ಬಂದ ಹಾಗೆ.

ಒಳಗೆ ಹಿಟ್ಟಿನ ಡಬ್ಬಗಳು, ಒಂದು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ. ಗೂಟಕ್ಕೆ ಎರಡು ಅಂಗಿ. ಹೆಂಗಸಿನ ಒಂದು ಬಾಚಣಿಗೆಯಾದರೂ ಕಾಣುತ್ತದೆಯೇ ಎಂದು ಕಸುಬಿನ ಕಣ್ಣು ತಾನಾಗಿ ಹುಡುಕಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

"ಮನೆಯವರು?"

"ಇಲ್ಲ. ಆಗಲಿಲ್ಲ." ಅವನು ಕುರ್ಚಿಯನ್ನು ಅವಳತ್ತ ದೂಡಿ ಮಂಚದ ತುದಿಯಲ್ಲಿ ಕೂತ. "ನೀನು ಸುಮ್ಮನೆ ಬಂದವಳಲ್ಲ."

"ಅಲ್ಲ. ದಿಶಾಳ ವಿಷಯ."

ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಕುಳಿ ಮಾಡಿದ್ದು ನೀನು," ಎಂದಳು ಊರ್ಮಿಳಾ.

ಅವನು ಅಲ್ಲವೆನ್ನಲಿಲ್ಲ. ಅದೇ ಅವಳಿಗೆ ನೋವಾದದ್ದು. ಒಂದು ಸುಳ್ಳನ್ನಾದರೂ ಹೇಳಿದ್ದರೆ ಅದನ್ನು ಮುರಿಯುವಷ್ಟು ಹೊತ್ತು ಅವನ ಎದುರಿಗೆ ಕೂರಬಹುದಿತ್ತು.

"ಹೇಗೆ ಗೊತ್ತಾಯಿತು?"

"ಎಡಕ್ಕೆ ಎಳೆದಿವೆ."

ಶಂಭು ತನ್ನ ಕೈಯನ್ನೇ ನೋಡಿಕೊಂಡ. "ಇನ್ನೂ ನೆನಪುಂಟಾ ನಿನಗೆ?"

"ಯಾಕೆ ಮಾಡಿದಿ? ಮೋಸ ಮಾಡುವುದಿಲ್ಲ ಅಂತಿದ್ದವನು ನೀನು."

"ನನಗೋಸ್ಕರ ಮಾಡುವುದಿಲ್ಲ ಅಂದಿದ್ದೆ." ಮಾತು ನಿಧಾನವಾಗಿ ಬಂತು. "ಫೈನಲ್ಲಿನ ದಿನ ಅಲ್ಲಿಯವರ ತಿಂಡಿ ನನ್ನ ಅಂಗಡಿಯಿಂದಲೇ ಹೋಗಿತ್ತು. ಬೇಗ ತಲುಪಿದೆ. ಬಾಗಿಲು ತೆರೆದಿತ್ತು, ಯಾರೂ ಬಂದಿರಲಿಲ್ಲ. ಅವಳು ಆಡುವ ಮೇಜನ್ನು ಒಮ್ಮೆ ಮುಟ್ಟಿ ಬರೋಣ ಅಂತ ಹೋದೆ. ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಸೂರತ್ತಿಗೆ ಹೋದ ಮೇಲೆ ನಾನು ಒಂದು ಚೆಂಡನ್ನೂ ಮುಟ್ಟಿದವನಲ್ಲ ಊರ್ಮಿ. ಅವಳ ಒಂದು ಮ್ಯಾಚನ್ನೂ ನೋಡಿದವನಲ್ಲ. ನೋಡಿದರೆ ವಾಶಿ ನೆನಪಾಗ್ತದೆ."

ಊರ್ಮಿ. ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ.

"ಮತ್ತೆ?"

"ಮುಟ್ಟಿ ನೋಡಿದರೆ, ಮೇಜಿನಲ್ಲಿ ಆಗಲೇ ಕುಳಿಗಳಿದ್ದವು."

ಹೊರಗೆ ದ್ರೌಪದಿ ಯಾರಿಗೋ ಚಿಲ್ಲರೆ ಇಲ್ಲವೆಂದು ಗದರಿಸುತ್ತಿದ್ದಳು. ಊರ್ಮಿಳಾಳಿಗೆ ಆ ಸದ್ದು ಬಹಳ ದೂರದಿಂದ ಬಂದಂತೆ ಕೇಳಿಸಿತು.

"ಎಲ್ಲಿ?"

"ತಪ್ಪು ಜಾಗದಲ್ಲಿ. ಚುಕ್ಕೆಗಿಂತ ಮುಂದೆ. ಯಾರೋ ಅರ್ಧಂಬರ್ಧ ಕಲಿತವರು ಮಾಡಿದ್ದಾರೆ, ಹುಡುಗಿಯ ರ‍್ಯಾಕ್ ಸರಿಯಾಗಿ ಕೂರದ ಹಾಗೆ ಕಿತಾಪತಿ ಮಾಡಿದ್ದಾರೆ ಅಂದುಕೊಂಡೆ. ಅಲ್ಲಿ ಸ್ನೂಕರ್ ಮೇಜಿನ ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ ಉಂಟಲ್ಲ, ಅದನ್ನು ಬೆಚ್ಚಗೆ ಮಾಡಿ, ಒದ್ದೆ ಬಟ್ಟೆ ಹಾಸಿ ಎಲ್ಲವನ್ನೂ ಎಬ್ಬಿಸಿ ಸಪಾಟು ಮಾಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವರು ಕೆಡಿಸಲು ನೋಡಿದ್ದಾರೆ, ನಾನು ಸರಿಯಾದ ಜಾಗದಲ್ಲಿ ಮಾಡಿಕೊಟ್ಟರೆ ಏನಾಯಿತು ಅನಿಸಿತು. ಒಂದನ್ನು ಚುಕ್ಕೆಯ ಮೇಲಿಟ್ಟು..."

"ಶಂಭು," ಎಂದಳು ಅವಳು. "ಈಗ ಒಂದನ್ನು ಚುಕ್ಕೆಯ ಮೇಲೆ ಇಡುವುದಿಲ್ಲ."

"ಅಂದರೆ?"

"ರೂಲ್ ಬದಲಾಗಿದೆ. ಒಂಬತ್ತನ್ನು ಇಡುತ್ತಾರೆ. ರ‍್ಯಾಕ್ ಅಂಗೈ ಅಗಲ ಮುಂದಕ್ಕೆ ಬಂದಿದೆ. ನನಗೂ ಇವತ್ತಷ್ಟೇ ಗೊತ್ತಾದದ್ದು."

ಅವನ ಬೆರಳುಗಳು ಮಂಚದ ಚಾದರದ ಮೇಲೆ ತಾವಾಗಿ ಒಂದು, ಎರಡು, ಮೂರು ಎಂದು ಜಾಗ ಗುರುತು ಮಾಡುತ್ತಿದ್ದವು. ಆಮೇಲೆ ನಿಂತವು.

"ಹಾಗಾದರೆ ಮುಂದಿದ್ದವು ಸರಿಯಾದ ಜಾಗದಲ್ಲಿದ್ದವು."

"ಹೌದು."

"ನಾನು ಅಳಿಸಿದ್ದು ಉಪಯೋಗಕ್ಕೆ ಬರುವಂಥದ್ದು. ಮಾಡಿದ್ದು ಯಾರಿಗೂ ಬೇಡದ್ದು." ಅವನಿಗೆ ನಗು ಬಂತು. ನಗು ಅಲ್ಲೇ ಮುದುಡಿತು. "ಅಂದರೆ ಮ್ಯಾಚಿನ ಹೊತ್ತಿಗೆ ಆ ಹುಡುಗಿಗೆ ಮೇಜು ಯಾವ ಸಹಾಯವನ್ನೂ ಮಾಡಲಿಲ್ಲ."

"ಯಾವುದನ್ನೂ ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಅವಳು ಗೆದ್ದದ್ದು ನೂರಕ್ಕೆ ನೂರು ಅವಳದ್ದೇ."

"ಬ್ರೇಕಿಗೆ ಒಂಬತ್ತು ಬೀಳುವುದು ಅದೃಷ್ಟ ಊರ್ಮಿ. ಅದನ್ನು ಯಾರೂ ಕಲಿಸಲಿಕ್ಕೆ ಆಗುವುದಿಲ್ಲ. ಆದರೆ ಎಂಟು ಎಂಟರವರೆಗೆ ತಂದು ನಿಲ್ಲಿಸಿದ್ದು ಅದೃಷ್ಟ ಅಲ್ಲ." ಅವನ ಕಣ್ಣು ಒದ್ದೆಯಾಗಿತ್ತು. "ನಾನು ಹೋಗಿ ಒಪ್ಪಿಕೊಂಡರೆ ಮಾಮನೇ ಮಾಡಿಕೊಟ್ಟ ಅಂತ ಆಗ್ತದೆ, ಅವಳು ಇನ್ನೂ ಮುಳುಗ್ತಾಳೆ ಅಂತ ಬಾಯಿ ಮುಚ್ಚಿ ಕೂತಿದ್ದೆ. ಈಗ ಬರ್ತೇನೆ. ಎಲ್ಲಿಗೆ ಬೇಕಾದರೂ ಬರ್ತೇನೆ."

"ಅದಕ್ಕೆ ಮೊದಲು ಹೇಳು. ಮುಂದಿದ್ದ ಕುಳಿಗಳು ಹೇಗಿದ್ದವು?"

ಈ ಪ್ರಶ್ನೆ ಬರುತ್ತದೆ ಎಂದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಉತ್ತರಕ್ಕೆಂದು ಬಾಯಿ ತೆರೆದ ಮೇಲೆಯೇ ಅವನಿಗೂ ಅದು ಹೊಳೆಯುತ್ತ ಹೋದದ್ದು ಮುಖದಲ್ಲಿ ಕಂಡಿತು.

"ಆಳ ಇರಲಿಲ್ಲ. ಅಗಲವಾಗಿದ್ದವು. ಕರವಸ್ತ್ರ ಸುತ್ತಿ ಕುಟ್ಟಿದರೆ ಹಾಗೆ ಬೀಳ್ತದೆ. ಸದ್ದು ಕೇಳಬಾರದು ಅಂತ..."

ವಾಶಿಯ ಹಾಲಿನ ಮಾಲೀಕ ಚೆಂಡಿನ ಟಕ್ ಟಕ್ ಕೇಳಿ ಬೈದಾನು ಎಂದು ಹೆದರಿ, ತನ್ನ ಹಳದಿ ಕರವಸ್ತ್ರವನ್ನು ಚೆಂಡಿಗೆ ಸುತ್ತಿಕೊಂಡಿದ್ದ ಎರಡು ಜಡೆಯ ಹುಡುಗಿ. ಮೂವರೂ ಬಾಯಿ ಮುಚ್ಚಿಕೊಂಡು ನಕ್ಕಿದ್ದ ಆ ಶನಿವಾರ.

ಇಬ್ಬರೂ ಆ ಹೆಸರನ್ನು ಹೇಳಲಿಲ್ಲ.

ಪ್ರಫುಲ್ಲಾ ಮಗಳ ಒಂದು ಮ್ಯಾಚನ್ನೂ ಬಿಟ್ಟವಳಲ್ಲ. ಬ್ಯಾಗ್ ಹಿಡಿದುಕೊಂಡು, ನೀರಿನ ಬಾಟಲಿ ಹಿಡಿದುಕೊಂಡು, ಅಭ್ಯಾಸದ ಸಂಜೆಗಳಲ್ಲೂ ಪಕ್ಕದಲ್ಲೇ ಕೂತಿರುತ್ತಿದ್ದಳು. ಒಂಬತ್ತು ಯಾವಾಗ ಚುಕ್ಕೆಯ ಮೇಲೆ ಬಂತು ಎಂದು ಅವಳಿಗೆ ಗೊತ್ತಿಲ್ಲದಿರುತ್ತದೆಯೇ? ಫೋಟೋದಲ್ಲಿ ಕಂಡ, ಎಡಕ್ಕೆ ಎಳೆದ ಕುಳಿಗಳು ತನ್ನ ಕೈಕೆಲಸವಲ್ಲ ಎಂದು ನೋಡಿದ ಕೂಡಲೇ ತಿಳಿದಿರುತ್ತದೆ. ಅದಕ್ಕೇ ಅಷ್ಟು ಧೈರ್ಯದಿಂದ ಪತ್ತೆ ಮಾಡಿ ಕೊಡಿ ಎಂದು ಬಂದಳು. ತಾನು ಹೇಳಲಾಗದ್ದನ್ನು ಅತ್ತಿಗೆಯ ಬಾಯಲ್ಲಿ ಹೇಳಿಸಲು.

ತಪ್ಪೆನ್ನಲು ಊರ್ಮಿಳಾಳಿಗೆ ಬಾಯಿ ಬರಲಿಲ್ಲ. ಬೆಂಚಿನ ಮೇಲೆ ಕೂತು ನೋಡುವುದು ಎಂದರೇನು ಎಂದು ಅವಳಿಗೆ ಗೊತ್ತಿತ್ತು. ಪ್ರಫುಲ್ಲಾ ಅಣ್ಣನ ಆಟ ನೋಡಿದಳು, ಆಮೇಲೆ ಮಗಳ ಆಟ ನೋಡಿದಳು. ಒಂದು ಸಲ, ಒಂದೇ ಸಲ, ಅವಳ ಕೈಗೂ ಆಡಬೇಕೆನಿಸಿರಬಹುದು.

"ಅವಳ ಹೆಸರು ಬರುವುದು ಬೇಡ," ಎಂದ ಶಂಭು ಮೆಲ್ಲಗೆ. "ಚುಕ್ಕೆಯ ಮುಂದೆ ಏನೂ ಇಲ್ಲ ಅಂತ ಹೇಳು. ಅದು ಸುಳ್ಳಲ್ಲವಲ್ಲ. ಹಿಂದಿನದ್ದು ನಾನು ಮಾಡಿದ್ದು ಅಂತ ನಾನು ಹೇಳ್ತೇನೆ. ಅಷ್ಟಕ್ಕೆ ಮುಗೀತದೆ."

"ಇಸ್ತ್ರಿ ಹಾಕಿದ್ದು?"

"ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು."

ನಮ್ಮಿಬ್ಬರಿಗೆ. ಆ ಮಾತು ಎಷ್ಟು ವರ್ಷದ ಮೇಲೆ, ಎಂಥ ವಿಷಯಕ್ಕೆ ಬಂತು! ಬೇಕೆಂದು ಬಯಸಿದ್ದು ಕೈಗೆ ಸಿಕ್ಕಾಗ ಅದರೊಳಗೆ ಇನ್ನೊಬ್ಬರ ಮುಳ್ಳಿರುತ್ತದೆಯೆಂದು ಅವಳು ಎಣಿಸಿರಲಿಲ್ಲ. ಆದರೂ, ಒಂದು ಗಳಿಗೆ, ಆ ಹಿಟ್ಟಿನ ಡಬ್ಬಗಳ ನಡುವೆ, ಅವಳು ಅದನ್ನು ಹಾಗೆಯೇ ಹಿಡಿದುಕೊಂಡು ಕೂತಳು.

ಫೋನ್ ಬಡಿದುಕೊಂಡಿತು. ಠಾಣೆಯಿಂದ, ಕಮಿಟಿಯ ಶ್ರೀಮತಿ ಕಾಮತ್.

"ಊರ್ಮಿಳಾ ಅವರೇ, ನೀವು ಬಂದು ತಲುಪುವ ಹಾಗೆ ಕಾಣುವುದಿಲ್ಲ. ಮೂವರು ಸದಸ್ಯರೂ ಕೂತಿದ್ದೇವೆ, ನಾನು ಅವರಿಗೆ ಮರಾಠಿಯಲ್ಲಿ ಹೇಳ್ತೇನೆ. ದಿಶಾ ಮತ್ತು ತಾಯಿ ಇಲ್ಲೇ ಇದ್ದಾರೆ. ಫೋನನ್ನು ಸ್ಪೀಕರಿಗೆ ಹಾಕಿದ್ದೇನೆ. ಚುಕ್ಕೆಯ ಮುಂದೆ ಮೇಜು ಸ್ವಚ್ಛ ಇದೆ ಅಂತ ತಾಯಿ ಹೇಳ್ತಾರೆ, ನೀವು ನೋಡಿದ್ದೀರಂತೆ. ಹೌದಾ?"

ಊರ್ಮಿಳಾ ಶಂಭುವಿನತ್ತ ನೋಡಿದಳು. ಅವನು ತಲೆಯಾಡಿಸಿದ. ಹೌದು ಎಂಬ ಒಂದು ಮಾತು. ನಿಜವೇ ಆದ ಮಾತು.

"ಹೌ..."

"ಒಂದು ನಿಮಿಷ, ಆಂಟಿ." ದಿಶಾಳ ದನಿ. ಮನೆಯಲ್ಲಿ ಎಷ್ಟು ಕೇಳಿದರೂ ಬಾಯಿ ಬಿಡದಿದ್ದ ಹುಡುಗಿಯ ದನಿ ಈಗ ಸ್ಪಷ್ಟವಾಗಿತ್ತು, ಒಂದಿಷ್ಟೂ ನಡುಗುತ್ತಿರಲಿಲ್ಲ. "ಮೇಡಂ, ನಾನು ಮೊದಲು ಹೇಳಬೇಕು. ಮುಂದೆಯೂ ಕುಳಿಗಳಿದ್ದವು. ಫೈನಲ್ಲಿನ ಹಿಂದಿನ ಸಂಜೆ ನಾನೇ ಮುಟ್ಟಿ ನೋಡಿದ್ದೇನೆ. ಈಗ ಅಲ್ಲಿ ಇಲ್ಲ ಅಂದರೆ ಯಾರೋ ನನ್ನನ್ನು ಉಳಿಸಲಿಕ್ಕೆ ಅಳಿಸಿದ್ದಾರೆ. ಮುಖ್ಯ ಅದಲ್ಲ. ನಾನು ಆಡಿದ್ದು ಸ್ವಚ್ಛ ಮೇಜಿನ ಮೇಲೆ ಅಲ್ಲ. ಆ ಕಪ್ ನನ್ನದಲ್ಲ. ಆ ಕುಳಿಗಳನ್ನು ಮಾಡಿದ್ದು ನಾನೇ."

ಶಂಭು ಮಂಚದಿಂದ ಎದ್ದುಬಿಟ್ಟ. "ಅಲ್ಲ!" ಎಂದ, ಫೋನಿಗೆ ಕೇಳದಷ್ಟು ಮೆಲ್ಲಗೆ.

ಅವಳಿಗೆ ಗೊತ್ತಿಲ್ಲ. ತಾನು ಬ್ರೇಕ್ ಮಾಡುವ ಹೊತ್ತಿಗೆ ಆ ಕುಳಿಗಳು ಇರಲೇ ಇಲ್ಲ ಎಂದು ಹುಡುಗಿಗೆ ಗೊತ್ತಿಲ್ಲ. ಬದುಕಿನ ಅತಿ ಚೊಕ್ಕ ಗೆಲುವನ್ನು ಮೋಸವೆಂದು ನಂಬಿ, ಅಮ್ಮನ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಾಳೆ. ಒಂಬತ್ತು ಬಿದ್ದ ಕೂಡಲೇ ಅಮ್ಮನತ್ತ ನೋಡಿದ್ದೂ ಅದಕ್ಕೇ. ಅವಳಿಗೆ ಅವಳ ಗೆಲುವನ್ನು ಹಿಂತಿರುಗಿಸಬೇಕಾದರೆ ಇಸ್ತ್ರಿಪೆಟ್ಟಿಗೆಯ ವಿಷಯ ಹೇಳಬೇಕು. ಅದನ್ನು ಹೇಳಿದರೆ, ಏನನ್ನು ಅಳಿಸಿದ್ದು, ಯಾರು ಮಾಡಿದ್ದನ್ನು ಅಳಿಸಿದ್ದು ಎಂಬುದೂ ಬರುತ್ತದೆ.

ಊರ್ಮಿಳಾ ಕಾದಳು. ತಾನು ಮಾತಾಡುವ ಮೊದಲು ಇನ್ನೊಂದು ದನಿ ಬರಬೇಕು. ಆ ಕೋಣೆಯಲ್ಲಿ, ಮಗಳ ಪಕ್ಕದ ಕುರ್ಚಿಯಿಂದ, ಒಂದು ದನಿ ಬಂದೇ ಬರುತ್ತದೆ. ಬರದಿರಲು ಸಾಧ್ಯವೇ?

ಫೋನಿನಲ್ಲಿ ಫ್ಯಾನಿನ ಸದ್ದು. ಯಾರೋ ಕೆಮ್ಮಿದರು. ಕುರ್ಚಿಯೊಂದು ಕಿರ್ ಎಂದಿತು, ಮತ್ತೆ ಸುಮ್ಮನಾಯಿತು.

ಪ್ರಫುಲ್ಲಾ ಮಾತಾಡಲಿಲ್ಲ.

"ಊರ್ಮಿಳಾ ಅವರೇ, ಕೇಳಿಸ್ತಾ ಇದೆಯಾ?" ಶ್ರೀಮತಿ ಕಾಮತ್ ಕೇಳಿದರು. "ಹುಡುಗಿ ಒಪ್ಪಿಕೊಂಡಿದ್ದಾಳೆ. ನಾವು ಬರೆದುಕೊಳ್ಳುವುದಾ? ಅಥವಾ ನಿಮಗೆ ಹೇಳಲಿಕ್ಕೆ ಏನಾದರೂ ಉಂಟಾ?"